ಭಾರದ ಟ್ರಾಲಿಗೆ ನೈಲಾನ್ ಚಕ್ರವೋ, ಪಿಯು ಚಕ್ರವೋ?

ನನ್ನ ಮತ ಪಿಯು ಚಕ್ರಕ್ಕೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಲೇಥ್ ವರ್ಕ್‌ಶಾಪಿನಲ್ಲಿ ಡೈ, ಗೇರ್‌ಬಾಕ್ಸ್, ಮೋಟಾರುಗಳನ್ನು ಸಾಗಿಸಲು ಎರಡು ಗಿಡ್ಡ ಟ್ರಾಲಿಗಳಿವೆ. ಒಂದಕ್ಕೆ ನಾಲ್ಕಿಂಚಿನ ನೈಲಾನ್ ಚಕ್ರ. ಇನ್ನೊಂದಕ್ಕೆ ಆರಿಂಚಿನ ಪಿಯು, ಅಂದರೆ ಕಬ್ಬಿಣದ ಗಾಲಿಗೆ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ ಹೊದಿಸಿದ್ದು.

ನುಣುಪಾದ ಕಾಂಕ್ರೀಟಿನ ಮೇಲೆ ನೈಲಾನಿನದೇ ಮೇಲುಗೈ. ಹಗುರಾಗಿ ಉರುಳುತ್ತದೆ, ಬೆಲೆಯೂ ಕಡಿಮೆ. ಆದರೆ ನಮ್ಮದು ಶಹಾಬಾದ್ ಕಲ್ಲಿನ ನೆಲ, ಸಂದುಗಳ ಸಿಮೆಂಟು ಎಂದೋ ಕಿತ್ತುಹೋಗಿದೆ. ಸಣ್ಣ ಗಟ್ಟಿ ಚಕ್ರ ಸಂದಿಗೆ ಬಿದ್ದರೆ ಟ್ರಾಲಿ ಗಕ್ಕನೆ ನಿಲ್ಲುತ್ತದೆ. ಮೇಲಿನ ಸಾಮಾನು ನಿಲ್ಲುವುದಿಲ್ಲ, ಮುಂದಕ್ಕೆ ವಾಲುತ್ತದೆ. ವಾಲಿದ್ದನ್ನು ಹಿಡಿಯಲು ಪಕ್ಕದಲ್ಲಿದ್ದವರ ಕೈ ತಾನಾಗಿಯೇ ಹೋಗುತ್ತದೆ. ಅಪಾಯವೆಲ್ಲ ಅಲ್ಲಿಯೇ. ಒಮ್ಮೆ ಎತ್ತರದ ಗೇರ್‌ಬಾಕ್ಸ್ ಹೀಗೆ ವಾಲಿದಾಗ ನಮ್ಮ ಹಿರಿಯ ಫಿಟ್ಟರ್, "ಕೈ ತೆಗೆಯಪ್ಪಾ, ಬಿದ್ದರೆ ಬೀಳಲಿ!" ಎಂದು ಕೂಗಿದರು. ಬಿದ್ದಿತು, ಕವಚ ಸೀಳಿತು. ಹುಡುಗನ ಬೆರಳು ಉಳಿಯಿತು.

ಆಮೇಲೆ ಸಂದುಗಳ ಮೇಲೆ ತಗಡು ಹಾಸಿ ನೋಡಿದೆವು. ಎಣ್ಣೆ ಬಿದ್ದ ತಗಡು ತಳ್ಳುವವನ ಕಾಲಡಿಯಲ್ಲೇ ಜಾರಿತು. ಓರೆಯಾಗಿ ತಳ್ಳಿದರೆ ಎರಡೂ ಮುಂಚಕ್ರಗಳು ಒಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ ನಿಜ. ಲಾರಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿರುವಾಗ ಅದು ಯಾರಿಗೆ ನೆನಪಿರುತ್ತದೆ? ಪಿಯು ಟ್ರಾಲಿ ಅದೇ ಸಂದನ್ನು ಸಣ್ಣ ಕುಲುಕಿನೊಂದಿಗೆ ದಾಟುತ್ತದೆ. ಇದರಲ್ಲಿ ಅರ್ಧ ಪುಣ್ಯ ಆರಿಂಚಿನದು, ಒಪ್ಪುತ್ತೇನೆ. ಆದರೆ ಹೊಡೆತವನ್ನು ನುಂಗುವುದು ಪಿಯುವೇ.

ಚಕ್ರ ಯಾವುದೇ ಇರಲಿ, ಅಂಗಡಿಯವರು ಭಾರವನ್ನು ನಾಲ್ಕರಿಂದ ಭಾಗಿಸಿ ಕೊಡುತ್ತಾರೆ. ನಾನು ಮೂರರಿಂದ ಭಾಗಿಸುತ್ತೇನೆ. ಏರುತಗ್ಗಿನ ನೆಲದಲ್ಲಿ ಒಂದು ಚಕ್ರ ಗಾಳಿಯಲ್ಲೇ ಇರುತ್ತದೆ. ಟ್ರಾಲಿಯೂ ಸೇರಿ 600 ಕಿಲೋ ಇದ್ದರೆ ಪ್ರತಿ ಚಕ್ರಕ್ಕೆ 200 ಕಿಲೋ ತಾಳಿಕೆ ಬೇಕು, 150 ಸಾಲದು. ಚಕ್ರದ ಪ್ಲೇಟನ್ನು ಟ್ರಾಲಿಗೆ ವೆಲ್ಡಿಂಗ್ ಮಾಡಿಸಬೇಡಿ: ಶಾಖಕ್ಕೆ ಬೇರಿಂಗಿನ ಗ್ರೀಸ್ ಸುಡುತ್ತದೆ, ಸತುವಿನ ಲೇಪದ ಹೊಗೆ ಕುಡಿದವನಿಗೆ ಜ್ವರ ಬರುತ್ತದೆ. ನಾಲ್ಕು ಬೋಲ್ಟು, ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆಯಿದ್ದು ಕುಲುಕಿದರೂ ಸಡಿಲವಾಗದ್ದು) ಸಾಕು. ಎರಡು ಚಕ್ರ ನೇರ ಓಡುವಂಥವು, ಎರಡು ತಿರುಗುವಂಥವು. ಹಿಡಿ ತಿರುಗುವ ಕಡೆಗಿರಲಿ. ಟ್ರಾಲಿಯನ್ನು ಎಳೆಯುವುದಲ್ಲ, ತಳ್ಳುವುದು. ಎಳೆದರೆ ಹಿಮ್ಮಡಿಗೇ ಬರುತ್ತದೆ.

ಪಿಯುವಿನ ಕಾಟವೂ ಇದೆ. ಲೇಥಿನ ಕಬ್ಬಿಣದ ಚೂರುಗಳು ಅದಕ್ಕೆ ನೆಟ್ಟುಕೊಳ್ಳುತ್ತವೆ. ಭಾರ ಹೊತ್ತು ಬಹಳ ಕಾಲ ನಿಂತರೆ ತಳ ಚಪ್ಪಟೆಯಾಗುತ್ತದೆ. ನಮ್ಮಲ್ಲಿ ಸಂಜೆ ಕಸ ಹೊಡೆದು, ಟ್ರಾಲಿ ಖಾಲಿ ಮಾಡಿಯೇ ಬಾಗಿಲು ಹಾಕುವುದು ರೂಢಿಯಾದ್ದರಿಂದ ತೊಂದರೆಯಾಗಿಲ್ಲ. ನೈಲಾನಿಗಿಂತ ಹೆಚ್ಚು ಹಣ ಕೊಟ್ಟೆ; ಒಡೆದ ಕವಚದ ಬಿಲ್ಲು ಅದಕ್ಕಿಂತ ದೊಡ್ಡದಿತ್ತು.

ಹೊಸ ಶೆಡ್ಡಿನಲ್ಲಿ ಸಪಾಟು ಕಾಂಕ್ರೀಟ್ ನೆಲವಿದ್ದವರು ಇಷ್ಟು ಖರ್ಚು ಮಾಡಬೇಕಿಲ್ಲ. ಆರಿಂಚಿನ ನೈಲಾನ್ ತೆಗೆದುಕೊಳ್ಳಿ, ತಿರುಗುವ ಚಕ್ರಗಳಿಗೆ ಬ್ರೇಕ್ ಇರುವುದನ್ನೇ ಕೇಳಿ.