ಆಸ್ಕರ್ ಸಾಕೋದಾ, ಸಿಲ್ವರ್ ಅರೋವಾನಾನಾ?

ಎರಡೂ ಅಕ್ವೇರಿಯಂ ಮೀನುಗಳು, ಅಂಗಡಿಯಲ್ಲಿ ಎರಡೂ ಬೆರಳುದ್ದದ ಮರಿಗಳೇ. ಆಸ್ಕರ್ ಒಂದಡಿ ಬೆಳೆಯುತ್ತದೆ, ಒಂದಕ್ಕೆ 4×1.5×2 ಅಡಿ ಟ್ಯಾಂಕ್, ಸುಮಾರು 340 ಲೀಟರ್ ಸಾಕು. ಅರೋವಾನಾ ಮೂರಡಿ ಮುಟ್ಟಬಲ್ಲದು. ತಿರುಗಲು ಮೂರಡಿ ಅಗಲ, ಈಜಲು ಎಂಟಡಿ ಉದ್ದ ಬೇಕು. ಎರಡಡಿ ನೀರು ತುಂಬಿದರೆ ನೀರಿನ ತೂಕವೇ ಸುಮಾರು 1,360 ಕೆ.ಜಿ.; ಮಹಡಿ ಮನೆಯವರು ಆಸೆ ಬಿಡುವುದೇ ಲೇಸು.

ಅರೋವಾನಾ ಜಿಗಿಯುತ್ತದೆ. ಮುಚ್ಚಳಕ್ಕೆ ಭಾರವಿಡಿ, ಫಿಲ್ಟರ್ ಪೈಪಿನ ಸಂದಿಯನ್ನೂ ಮುಚ್ಚಿ. ಆಸ್ಕರ್‌ನ ಕಾಟ ಗಲೀಜು. ಆ ಗಲೀಜಿನಿಂದ ನೀರಿನಲ್ಲಿ ಸೇರುವ ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿ.ಗ್ರಾಂ) ದಾಟಲು ಬಿಡಬೇಡಿ. ನೀರು ಕೆಟ್ಟರೆ ತಲೆಯಲ್ಲಿ ಗುಳಿ ಬೀಳುವ ರೋಗ ಹತ್ತಿರ. ವಾರಕ್ಕೆ ಮೂರನೇ ಒಂದು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆದೇ ಹಾಕಿ. ಹೀಟರಿಗೆ ಗಾರ್ಡ್ ಇರಲಿ, ಆಸ್ಕರ್ ಗುದ್ದಿ ಒಡೆಯುತ್ತದೆ.

ಎರಡಕ್ಕೂ ಪೆಲೆಟ್ (ಒಣ ಗುಳಿಗೆಯ ಆಹಾರ) ರೂಢಿಸಿ. ಗೋಲ್ಡ್‌ಫಿಶ್ ಮರಿಗಳನ್ನೇ ತಿನ್ನಿಸಿದರೆ ಅವುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ.

ನಾಲ್ಕಡಿ ಜಾಗವಿದ್ದರೆ ಆಸ್ಕರ್, ಅದೂ ಒಂದೇ.