ಚಕ್ರದ ಬೇರಿಂಗ್: ಎಡಕ್ಕೊಂದು ವಿಧಾನ, ಬಲಕ್ಕೊಂದು ವಿಧಾನ

ನನ್ನ ಎರಡು ಬೈಕುಗಳ ಚಕ್ರದ ಬೇರಿಂಗುಗಳನ್ನು (ಒಳ ಬಳೆ, ಹೊರ ಬಳೆ, ನಡುವೆ ಉರುಳುವ ಗುಂಡುಗಳು; ಆಕ್ಸಲ್ ಎಂಬ ಅಚ್ಚಿನ ಮೇಲೆ ಚಕ್ರ ಸಲೀಸಾಗಿ ತಿರುಗುವುದು ಇವುಗಳಿಂದ) ಇಲ್ಲಿಯವರೆಗೆ ಐದು ಸಲ ನಾನೇ ಬದಲಿಸಿದ್ದೇನೆ. ಮೊದಲ ಎರಡು ಸಲ ಕೈಗೆ ಸಿಕ್ಕ ಉಪಕರಣಗಳಿಂದ ಹೇಗೋ ಕೆಲಸ ಮುಗಿಸಿದೆ. ಆಮೇಲಿನ ಮೂರು ಸಲ ಮಾತ್ರ, ಒಂದೇ ಕೆಲಸಕ್ಕೆ ಜನ ಹೇಳುವ ಬೇರೆ ಬೇರೆ ವಿಧಾನಗಳನ್ನು ಬೇಕೆಂದೇ ಎದುರುಬದುರು ಇಟ್ಟು ನೋಡಿದೆ. ಚಕ್ರದ ನಡುಭಾಗವಾದ ಹಬ್‌ನ ಎಡಕ್ಕೊಂದು ಬಲಕ್ಕೊಂದು ಬೇರಿಂಗ್ ಇರುವುದರಿಂದ ಈ ಬಗೆಯ ಹೋಲಿಕೆಗೆ ಅನುಕೂಲವೂ ಇದೆ: ಚಕ್ರ ಒಂದೇ, ಓಡಿದ ದೂರ ಒಂದೇ, ಎಡಗಡೆಯದಕ್ಕೆ ಒಂದು ವಿಧಾನ, ಬಲಗಡೆಯದಕ್ಕೆ ಇನ್ನೊಂದು.

ಬೇರಿಂಗ್ ನಿಜವಾಗಿಯೂ ಹಾಳಾಗಿದೆಯೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಮೊದಲಿನದು. ಹೆಚ್ಚಿನವರು ಇದಕ್ಕೆ ಬಳಸುವುದು ಅಲ್ಲಾಡಿಸಿ ನೋಡುವ ಪರೀಕ್ಷೆಯನ್ನು: ಚಕ್ರ ನೆಲ ಬಿಡುವಂತೆ ಬೈಕನ್ನು ನಿಲ್ಲಿಸಿ, ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು, ಒಂದನ್ನು ತಳ್ಳುತ್ತ ಇನ್ನೊಂದನ್ನು ಎಳೆಯುವುದು. ಎರಡು ಬೇರಿಂಗುಗಳ ನಡುವಿನ ಅಂತರ ಕಡಿಮೆ, ಟೈರಿನ ಅಂಚು ಅವುಗಳಿಂದ ದೂರ. ಆದ್ದರಿಂದ ಬೇರಿಂಗಿನೊಳಗೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಅಲ್ಲಾಟ ಟೈರಿನ ಅಂಚಿನಲ್ಲಿ ಹಲವು ಪಟ್ಟಾಗಿ ಕೈಗೆ ಸಿಗುತ್ತದೆ. ಈ ಪರೀಕ್ಷೆಯ ಬಲ ಅದು. ದೌರ್ಬಲ್ಯವೇನೆಂದರೆ, ಅಲ್ಲಾಟ ಯಾರದ್ದು ಎಂಬುದನ್ನು ಅದು ಹೇಳುವುದಿಲ್ಲ. ಮುಂಚಕ್ರದಲ್ಲಿ ಕಂಡದ್ದು ಹ್ಯಾಂಡಲ್ ತಿರುಗುವ ಕೀಲಾದ ಕೋನ್‌ಸೆಟ್‌ನದ್ದಾಗಿರಬಹುದು, ಹಿಂಚಕ್ರದಲ್ಲಿ ಕಂಡದ್ದು ಆ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮ್‌ನ ಬುಷ್‌ನದ್ದಾಗಿರಬಹುದು (ಬುಷ್ ಎಂದರೆ ಆ ತೋಳಿನ ಕೀಲಿನೊಳಗಿನ ಕೊಳವೆ). ಮೊದಲ ಸಲ ನಾನು ಹಿಂದಿನ ಎರಡು ಬೇರಿಂಗುಗಳನ್ನು ಬದಲಿಸಿ, ಚಕ್ರ ಕೂರಿಸಿ, ಅಲ್ಲಾಡಿಸಿ ನೋಡಿದರೆ ಅಲ್ಲಾಟ ಮೊದಲಿನಂತೆಯೇ ಇತ್ತು, ತಪ್ಪು ಬುಷ್‌ನದ್ದಾಗಿತ್ತು. ಈಗ ನಾನು ಅಲ್ಲಾಡಿಸುವಾಗ ಇನ್ನೊಬ್ಬರಿಂದ ಫೋರ್ಕಿನ ಕೆಳತುದಿಯನ್ನೋ ಸ್ವಿಂಗ್ ಆರ್ಮನ್ನೋ ಗಟ್ಟಿಯಾಗಿ ಹಿಡಿಸುತ್ತೇನೆ. ಅದು ನಿಂತಲ್ಲೇ ನಿಂತು ಚಕ್ರ ಮಾತ್ರ ಅಲುಗಿದರೆ ಅನುಮಾನಕ್ಕೆ ಎಡೆಯಿಲ್ಲ.

ಚಕ್ರವನ್ನು ತಿರುಗಿಸಿ ಸದ್ದು ಕೇಳುವುದು ಎರಡನೆಯ ವಿಧಾನ. ಡಿಸ್ಕ್ ಬ್ರೇಕ್ ಇರುವ ಚಕ್ರದಲ್ಲಿ ಪ್ಯಾಡುಗಳು ಉಜ್ಜುವ ಸದ್ದು, ಹಿಂಚಕ್ರದಲ್ಲಿ ಚೈನಿನ ಸದ್ದು, ಇವೆರಡರ ಕೆಳಗೆ ಬೇರಿಂಗಿನ ಗೊರಗೊರ ಅಡಗಿಬಿಡುತ್ತದೆ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿ, ಚೈನ್ ಕಳಚಿ ಕೇಳಿದರೆ ಮಾತ್ರ ಇದಕ್ಕೆ ಅರ್ಥ. ಕಿವಿಗಿಂತ ಕೈಯೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅನುಭವ. ಚಕ್ರ ತಿರುಗುತ್ತಿರುವಾಗ ಆಕ್ಸಲ್ ಹತ್ತಿರ ಫೋರ್ಕಿನ ಮೇಲೆ ಬೆರಳಿಟ್ಟರೆ, ಕಿವಿಗೆ ಬೀಳದ ಒರಟುತನ ನಡುಕವಾಗಿ ತಿಳಿಯುತ್ತದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದನ್ನೂ ಮಾಡಿದ್ದೇನೆ. ಬೆರಳು ಹೇಳಿದ್ದಕ್ಕಿಂತ ಹೆಚ್ಚೇನನ್ನೂ ಅದು ಹೇಳಲಿಲ್ಲ.

ಮೂರನೆಯದಕ್ಕೆ ಚಕ್ರವನ್ನೇ ಬಿಚ್ಚಬೇಕು. ಆಕ್ಸಲ್ ಎಳೆದು, ಬೇರಿಂಗಿನ ಒಳ ಬಳೆಗೆ ಬೆರಳು ತೂರಿಸಿ, ಸ್ವಲ್ಪ ಪಕ್ಕಕ್ಕೆ ಒತ್ತುತ್ತ ನಿಧಾನವಾಗಿ ತಿರುಗಿಸಬೇಕು. ಶ್ರಮ ಹೆಚ್ಚು, ಆದರೆ ಮೂರರಲ್ಲಿ ಇದೇ ಮೇಲು ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಬೇರಿಂಗ್ ಹಾಳಾಗುವುದು ಎರಡು ಬಗೆಯಲ್ಲಿ, ಸಡಿಲವಾಗಿ ಅಥವಾ ಒರಟಾಗಿ. ಅಲ್ಲಾಡಿಸುವ ಪರೀಕ್ಷೆ ಹಿಡಿಯುವುದು ಸಡಿಲವನ್ನು ಮಾತ್ರ, ಅದೂ ಬಹುಮಟ್ಟಿಗೆ ಒರಟುತನ ಬಂದುಹೋದ ಮೇಲೆ. ಒಮ್ಮೆ ಟೈರ್ ಬದಲಿಸಲೆಂದು ಬಿಚ್ಚಿದ ಮುಂಚಕ್ರದಲ್ಲಿ ಅಲ್ಲಾಟ ಎಳ್ಳಷ್ಟೂ ಇರಲಿಲ್ಲ, ತಿರುಗಿಸಿದಾಗ ಸದ್ದೂ ಇರಲಿಲ್ಲ. ಬೆರಳಿಗೆ ಮಾತ್ರ ಎಡ ಬೇರಿಂಗ್ ಮರಳಿನ ಮೇಲೆ ಉರುಳಿದಂತೆ ತಿಳಿಯಿತು. ರಬ್ಬರ್ ಸೀಲನ್ನು ಎಬ್ಬಿಸಿ ನೋಡಿದರೆ ಗ್ರೀಸಿನ ಜಾಗದಲ್ಲಿ ತುಕ್ಕು ಬೆರೆತ ಕಂದು ಕೆಸರಿತ್ತು. ಇದರಲ್ಲಿ ಒಂದು ಎಚ್ಚರ ಬೇಕು. ಹೊಸ ರಬ್ಬರ್ ಸೀಲು ಒಳ ಬಳೆಯನ್ನು ಒತ್ತಿ ಹಿಡಿಯುವುದರಿಂದ ಒಳ್ಳೆಯ ಬೇರಿಂಗೂ ತುಸು ಬಿಗಿಯಾಗಿಯೇ ತಿರುಗುತ್ತದೆ. ಬಿಗಿ ಒಂದೇ ಸಮನಾಗಿದ್ದರೆ ಚಿಂತೆಯಿಲ್ಲ. ತಡೆತಡೆದು ತಿರುಗಿದರೆ, ಒಂದೊಂದು ಜಾಗದಲ್ಲಿ ಕಚ್ಚಿಕೊಂಡರೆ, ಅದರ ಕಾಲ ಮುಗಿಯಿತು.

ಒರಟಾದ ಬೇರಿಂಗನ್ನು ತೊಳೆದು ಗ್ರೀಸ್ ತುಂಬುವುದೇ, ಹೊಸದನ್ನೇ ಹಾಕುವುದೇ ಎಂಬ ತಕರಾರನ್ನೂ ಹೀಗೆಯೇ ಪರೀಕ್ಷಿಸಿದೆ. ಹಿಂಚಕ್ರದ ಎರಡೂ ಬೇರಿಂಗುಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಒರಟಾಗಿದ್ದಾಗ, ಬಲಗಡೆಗೆ ಹೊಸದನ್ನು ಹಾಕಿ, ಎಡಗಡೆಯದರ ಸೀಲನ್ನು ಚೂಪಾದ ಬ್ಲೇಡಿನಿಂದ ಎಬ್ಬಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಖಾಲಿ ಜಾಗದ ಅರ್ಧಕ್ಕಿಂತ ಕಡಿಮೆ ಲಿಥಿಯಂ ಗ್ರೀಸ್ ತುಂಬಿದೆ. (ಪೂರ್ತಿ ತುಂಬಿದರೆ ಗುಂಡುಗಳು ಗ್ರೀಸನ್ನು ಕಡೆಯುತ್ತ ಬಿಸಿಯಾಗುತ್ತವೆ, ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂಬುದು ಗ್ರೀಸಿಗೆ ಹೊಂದುವುದಿಲ್ಲ.) ಮೊದಲ ದಿನ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ, ಏಕೆಂದರೆ ಹೊಸ ಗ್ರೀಸು ಒರಟುತನವನ್ನು ಮುಚ್ಚುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಡಗಡೆಯದು ಮೊದಲಿಗಿಂತ ಕೆಟ್ಟದಾಗಿತ್ತು. ಗುಂಡು ಉರುಳುವ ಹಾದಿಯಲ್ಲಿ ಒಮ್ಮೆ ಬಿದ್ದ ಗುಳಿಯನ್ನು ಗ್ರೀಸ್ ತುಂಬಲಾರದು. ಪ್ರತಿ ಸುತ್ತಿನಲ್ಲೂ ಆ ಗುಳಿಯ ಅಂಚು ಒಡೆದು ಲೋಹದ ಪುಡಿ ಗ್ರೀಸಿಗೇ ಸೇರುತ್ತದೆ. ಬೆರಳಿಗೆ ನುಣುಪಾಗಿಯೇ ಇದ್ದು ಗ್ರೀಸ್ ಮಾತ್ರ ಒಣಗಿರುವ ಬೇರಿಂಗಿಗೆ ಈ ಉಪಚಾರ ಸರಿ. ಉಳಿದ ಸಂದರ್ಭಗಳಲ್ಲಿ ಅದು ಒಂದೇ ಕೆಲಸವನ್ನು ಎರಡು ಸಲ ಮಾಡುವ ದಾರಿ.

ಹೊಸದನ್ನು ಆರಿಸುವ ವಿಚಾರ ಅಷ್ಟು ಜಟಿಲವಲ್ಲ. ಬಳೆಯ ಮೇಲಿನ ಅಂಕಿ ಅಳತೆಯನ್ನು ಹೇಳುತ್ತದೆ: 6202 ಎಂದರೆ ಒಳವ್ಯಾಸ 15, ಹೊರವ್ಯಾಸ 35, ದಪ್ಪ 11 ಮಿಲಿಮೀಟರ್, 6302 ಎಂದರೆ ಅದೇ 15ರ ಒಳವ್ಯಾಸಕ್ಕೆ ಹೊರವ್ಯಾಸ 42, ದಪ್ಪ 13. ಅಂಕಿಯ ನಂತರದ ಅಕ್ಷರಗಳನ್ನು ಓದದೆ ಕೊಳ್ಳುವವರೇ ಹೆಚ್ಚು. ‘ಝಡ್‌ಝಡ್’ ಅಥವಾ ‘2ಝಡ್’ ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ. ಅದು ಒಳ ಬಳೆಗೆ ತಾಗುವುದಿಲ್ಲವಾದ್ದರಿಂದ ನೀರಿಗೆ ದಾರಿ ತೆರೆದೇ ಇರುತ್ತದೆ. ‘2ಆರ್‌ಎಸ್’ ಎಂದಿದ್ದರೆ ಒಳ ಬಳೆಗೆ ತಾಗಿ ಕೂರುವ ರಬ್ಬರ್ ಸೀಲು. ಇದನ್ನೇ ಬೇರಿಂಗ್ ಕಂಪನಿಗಳಾದ ಎನ್‌ಎಸ್‌ಕೆ ‘ಡಿಡಿಯು’ ಎಂದೂ ಎನ್‌ಟಿಎನ್ ‘ಎಲ್‌ಎಲ್‌ಯು’ ಎಂದೂ ಬರೆಯುತ್ತವೆ. ಅವರದೇ ‘ವಿವಿ’ ಮತ್ತು ‘ಎಲ್‌ಎಲ್‌ಬಿ’ ರಬ್ಬರಿನವೇ ಆದರೂ ತಾಗದ ಬಗೆಯವು. ಕೆಸರು, ಮಳೆ, ನೀರಿನ ಪೈಪು ಎಲ್ಲವನ್ನೂ ಕಾಣುವ ಚಕ್ರಕ್ಕೆ ತಾಗುವ ಸೀಲೇ ಬೇಕು. ‘ಸಿ3’ ಎಂಬುದು ಒಳಗಿನ ಬಿಡುವು ಸಾಮಾನ್ಯಕ್ಕಿಂತ ಹೆಚ್ಚು ಎಂದು ಹೇಳುವ ಗುರುತು, ಗುಣಮಟ್ಟದ ಗುರುತಲ್ಲ, 15 ಮಿ.ಮೀ. ಒಳವ್ಯಾಸದ ಬೇರಿಂಗಿಗೆ ಸಾಮಾನ್ಯ ಬಿಡುವು 3ರಿಂದ 18 ಮೈಕ್ರಾನ್, ಸಿ3 ಆದರೆ 11ರಿಂದ 25. ಹಳೆಯದರ ಮೇಲೆ ಏನು ಬರೆದಿತ್ತೋ ಅದನ್ನೇ ನಾನು ಹಾಕುತ್ತೇನೆ.

ಹಳೆಯದನ್ನು ಹೊರತೆಗೆಯಲು ಮೂರು ವಿಧಾನಗಳನ್ನು ನೋಡಿದ್ದೇನೆ. ಉದ್ದದ ಪಂಚನ್ನು ಎದುರು ಬದಿಯಿಂದ ತೂರಿಸಿ, ಎರಡು ಬೇರಿಂಗುಗಳ ನಡುವೆ ಅಂತರ ಕಾಯುವ ಸ್ಪೇಸರ್ ಕೊಳವೆಯನ್ನು ಪಕ್ಕಕ್ಕೆ ಸರಿಸಿ, ಒಳ ಬಳೆಯ ಅಂಚಿಗೆ ಸುತ್ತಲೂ ಬಡಿಯುವುದು ಮೊದಲನೆಯದು. ಸ್ಪೇಸರ್ ಸಾಕಷ್ಟು ಸರಿದರೆ ಇದು ಕ್ಷಣದ ಕೆಲಸ. ಸರಿಯದಿದ್ದರೆ ಪಂಚು ಜಾರಿ ಸ್ಪೇಸರಿನ ಬಾಯಿಗೇ ಪೆಟ್ಟು ಬೀಳುತ್ತದೆ. ಆ ಪೆಟ್ಟಿನಿಂದ ಎದ್ದ ಮುಳ್ಳನ್ನು ಅರದಿಂದ ಉಜ್ಜಿ ತೆಗೆಯದೆ ಜೋಡಿಸಿದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ. ಗೋಡೆಗೆ ಹಾಕುವ ಆಂಕರ್ ಬೋಲ್ಟನ್ನು ಒಳ ಬಳೆಯೊಳಗೆ ಇಟ್ಟು, ಬಿಗಿದು ಅರಳಿಸಿ, ಎದುರು ಬದಿಯಿಂದ ಸರಳಿನಲ್ಲಿ ಬಡಿಯುವುದು ಎರಡನೆಯದು. ನೋಡಲು ಒರಟು ಉಪಾಯ, ಆದರೆ ಬೋಲ್ಟಿನ ಅಳತೆ ಹೊಂದಿದರೆ ಸ್ಪೇಸರಿಗೆ ಧಕ್ಕೆಯಿಲ್ಲ. ಮೂರನೆಯದು ಅದೇ ತತ್ವದ ಮೇಲೆ ಮಾಡಿದ ಪುಲ್ಲರ್: ಅರಳುವ ತುದಿ ಒಳ ಬಳೆಯನ್ನು ಹಿಡಿಯುತ್ತದೆ, ಸರಳಿನ ಮೇಲೆ ಜಾರುವ ಭಾರ ಹೊರಕ್ಕೆ ಎಳೆಯುತ್ತದೆ.

ನಾನು ಅಂದುಕೊಂಡದ್ದು ಪುಲ್ಲರ್ ಸುಲಭವಾಗಿ ಗೆಲ್ಲುತ್ತದೆ ಎಂದು. ತಣ್ಣನೆಯ ಹಬ್‌ನಲ್ಲಿ ಅದು ಎರಡು ಸಲ ಹಿಡಿತ ತಪ್ಪಿ ಜಾರಿತು, ಅದೇ ಹಬ್‌ ಬಿಸಿಯಾದ ಮೇಲೆ ಆಂಕರ್ ಬೋಲ್ಟು ಮೂರು ಪೆಟ್ಟಿಗೆ ಕೆಲಸ ಮುಗಿಸಿತು. ಗೆದ್ದದ್ದು ಬಿಸಿ, ಉಪಕರಣವಲ್ಲ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಬ್‌ನಲ್ಲಿ ಬೇರಿಂಗ್ ಕೂರುವ 42 ಮಿ.ಮೀ. ವ್ಯಾಸದ ಗೂಡನ್ನು 80 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ಅದು ಸುಮಾರು 0.077 ಮಿ.ಮೀ. ಹಿಗ್ಗುತ್ತದೆ, ಅದರೊಳಗಿನ ಬೇರಿಂಗೂ ಅಷ್ಟೇ ಬಿಸಿಯಾದರೂ 0.040 ಮಾತ್ರ. ಬೇರಿಂಗನ್ನು ಹಿಡಿದಿರುವ ಬಿಗಿಯೇ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಬೆಂಕಿಯ ಜ್ವಾಲೆ ಬೇಡ. ಆಯಿಲ್ ಸೀಲನ್ನೂ, ಇದ್ದರೆ ಬೇರಿಂಗನ್ನು ತಡೆದಿಡುವ ಸರ್ಕ್ಲಿಪ್ ಎಂಬ ಉಂಗುರವನ್ನೂ ತೆಗೆದು, ಹೀಟ್ ಗನ್ನಿನಿಂದ ಹಬ್‌ನ ಸುತ್ತ ಬಿಸಿ ಹಾಯಿಸಿ, ಮೇಲೆ ಬಿದ್ದ ನೀರಿನ ಹನಿ ಚುರ್ ಎನ್ನುವಷ್ಟಾದರೆ ಸಾಕು. ಒಳ ಬಳೆ ಗುಂಡುಗಳ ಸಮೇತ ಕಿತ್ತುಬಂದು ಹೊರ ಬಳೆ ಮಾತ್ರ ಗೂಡಿನಲ್ಲಿ ಉಳಿದುಬಿಟ್ಟರೆ, ಅದರ ಒಳಮೈಗೆ ಒಂದು ಸುತ್ತು ವೆಲ್ಡಿಂಗ್ ಎಳೆಸುವುದು ನನಗೆ ಗೊತ್ತಿರುವ ಉತ್ತಮ ಮಾರ್ಗ. ವೆಲ್ಡ್ ಆರುತ್ತ ಕುಗ್ಗುವಾಗ ಬಳೆಯನ್ನೂ ಕುಗ್ಗಿಸುತ್ತದೆ.

ಕೂರಿಸುವ ಹಂತದಲ್ಲಿ ಎರಡು ಪಕ್ಷಗಳಿವೆ: ಹೊರ ಬಳೆಯಷ್ಟೇ ಅಗಲದ ಸಾಕೆಟ್ ಇಟ್ಟು ಸುತ್ತಿಗೆಯಿಂದ ಬಡಿಯುವವರು, ಹಬ್‌ನ ಮೂಲಕ ಥ್ರೆಡ್ (ತಿರುಪಿನ ಗೀರು) ಇರುವ ಉದ್ದ ಸರಳನ್ನು ತೂರಿಸಿ, ಎರಡೂ ತುದಿಗೆ ದಪ್ಪ ವಾಷರ್ ಕೊಟ್ಟು, ನಟ್ಟು ಬಿಗಿಯುತ್ತ ಒಳಕ್ಕೆ ಒತ್ತುವವರು. ಬೇರಿಂಗನ್ನು ಮುಂಚಿನ ರಾತ್ರಿ ಫ್ರೀಜರಿನಲ್ಲಿಟ್ಟು ಹಬ್‌ ಬಿಸಿ ಮಾಡಿದರೆ ಎರಡೂ ವಿಧಾನಗಳಿಗೆ ಬೇಕಾಗುವ ಬಲ ಇಳಿಯುತ್ತದೆ. ಒಳ ಬಳೆಗೆ ಪೆಟ್ಟು ಬಿದ್ದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು ಅವು ಉರುಳುವ ಹಾದಿಯಲ್ಲಿ ಗುಳಿ ಬೀಳಿಸುತ್ತದೆ, ಬೇರಿಂಗ್ ಒಂದು ಸುತ್ತೂ ಓಡದೆ ಹಳೆಯದಾಗುತ್ತದೆ. ಇದು ಎಲ್ಲರೂ ಹೇಳುವ ಮಾತು, ಸರಿಯಾದ ಮಾತು. ಆದರೆ ಎರಡು ವಿಧಾನಗಳ ನಿಜವಾದ ಅಂತರ ಇರುವುದು ಎರಡನೆಯ ಬೇರಿಂಗಿನಲ್ಲಿ.

ಮೊದಲನೆಯದನ್ನು ಗೂಡಿನ ತಳ ಮುಟ್ಟುವವರೆಗೆ ಕೂರಿಸಬೇಕು. ಯಾವ ಬದಿ ಮೊದಲು ಎಂಬುದನ್ನು ಬೈಕಿನ ಕೈಪಿಡಿ ಹೇಳುತ್ತದೆ. ಆಮೇಲೆ ಸ್ಪೇಸರ್, ಆಮೇಲೆ ಎರಡನೆಯದು. ಈ ಎರಡನೆಯದು ನಿಲ್ಲಬೇಕಾದದ್ದು ಅದರ ಒಳ ಬಳೆ ಸ್ಪೇಸರಿಗೆ ತಾಗಿದ ಕ್ಷಣದಲ್ಲಿ. ಆಕ್ಸಲ್ ಬಿಗಿದಾಗ ಎರಡು ಒಳ ಬಳೆಗಳೂ ನಡುವಿನ ಸ್ಪೇಸರೂ ಸೇರಿ ಒಂದೇ ಕಂಬದಂತೆ ಒತ್ತಡ ಹೊರಬೇಕು. ಇನ್ನೂ ಒಂದು ಪೆಟ್ಟು ಹೆಚ್ಚು ಬಿದ್ದರೆ ಹೊರ ಬಳೆ ಮುಂದೆ ಹೋಗುತ್ತದೆ, ಒಳ ಬಳೆ ಸ್ಪೇಸರಿಗೆ ತಡೆದು ಹಿಂದೆ ಉಳಿಯುತ್ತದೆ, ಗುಂಡುಗಳು ಪಕ್ಕದಿಂದ ಹಿಂಡಿಸಿಕೊಂಡೇ ಉರುಳಬೇಕಾಗುತ್ತದೆ. ಸ್ಪೇಸರಿನ ಬಾಯಲ್ಲಿ ಮೊದಲು ಹೇಳಿದ ಮುಳ್ಳು ಉಳಿದಿದ್ದರೆ ಆಗುವುದೂ ಇದೇ, ಏಕೆಂದರೆ ಮುಳ್ಳಿನಷ್ಟೇ ಕೊಳವೆ ಉದ್ದವಾದಂತೆ. ಅದೇ ಮುಳ್ಳು ಕ್ರಮೇಣ ಚಪ್ಪಟೆಯಾದರೆ ಆಕ್ಸಲ್‌ನ ಬಿಗಿಯೂ ಇಳಿಯುತ್ತದೆ.

ಸುತ್ತಿಗೆಗೆ ಈ ಕ್ಷಣವನ್ನು ಗುರುತಿಸುವುದು ಕಷ್ಟ. ಪೆಟ್ಟಿನ ಸದ್ದು ಬದಲಾಗುತ್ತದೆ ಎನ್ನುತ್ತಾರೆ, ಬದಲಾಗುವುದು ನಿಜ. ಆದರೆ ಸದ್ದು ಬದಲಾದದ್ದು ತಿಳಿಯುವುದು ಆ ಹೆಚ್ಚಿನ ಪೆಟ್ಟು ಬಿದ್ದ ಮೇಲೆ. ಥ್ರೆಡ್ ಸರಳಿನಲ್ಲಾದರೆ ನಟ್ಟಿನ ಬಿಗಿ ಒಮ್ಮೆಲೇ ಏರುವುದು ಕೈಗೆ ಸ್ಪಷ್ಟವಾಗಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡನೆಯ ಬೇರಿಂಗಿಗೆ ಮಾತ್ರ ಒಳ ಬಳೆ ಹೊರ ಬಳೆ ಎರಡನ್ನೂ ಒಟ್ಟಿಗೆ ಮುಚ್ಚುವ ಸಮತಟ್ಟಾದ ವಾಷರ್ ಇಟ್ಟರೆ, ಒಳ ಬಳೆ ಸ್ಪೇಸರಿಗೆ ತಾಗುತ್ತಲೇ ಇಡೀ ಬೇರಿಂಗ್ ನಿಲ್ಲುತ್ತದೆ, ಹೊರ ಬಳೆ ಒಂದೇ ಮುಂದೆ ಹೋಗಲಾರದು. ಆಮೇಲೆ ಬೆರಳಿನಿಂದ ಸ್ಪೇಸರನ್ನು ತಳ್ಳಿ ನೋಡುತ್ತೇನೆ. ಬಲ ಹಾಕಿದರೆ ತುಸು ಸರಿಯಬೇಕು, ಗಡಗಡನೆ ಅಲ್ಲಾಡಬಾರದು. ಒಂದೇ ಚಕ್ರದಲ್ಲಿ ಸುತ್ತಿಗೆಯಿಂದ ಹಾಕಿದ ಬೇರಿಂಗ್ ಮುಂದಿನ ಟೈರ್ ಬದಲಾವಣೆಯ ಹೊತ್ತಿಗೆ ಬೆರಳಿಗೆ ಒರಟಾಗಿತ್ತು, ಸರಳಿನಿಂದ ಹಾಕಿದ್ದು ಹೊಸದರಂತೆಯೇ ಇತ್ತು. ಸುತ್ತಿಗೆಯದ್ದು ಡಿಸ್ಕ್ ಇರುವ ಬದಿಯೂ ಆಗಿತ್ತಾದ್ದರಿಂದ ತಪ್ಪನ್ನೆಲ್ಲ ಸುತ್ತಿಗೆಯ ತಲೆಗೇ ಕಟ್ಟಲಾರೆ, ಆದರೂ ನನ್ನ ಸುತ್ತಿಗೆ ಈಗ ಹಳೆಯದನ್ನು ತೆಗೆಯುವುದಕ್ಕಷ್ಟೇ ಹೊರಬರುತ್ತದೆ.

ಹಿಂಚಕ್ರದಲ್ಲಿ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹೊರುವ ಭಾಗದಲ್ಲಿ ಪ್ರತ್ಯೇಕ ಬೇರಿಂಗ್ ಇರುವ ಬೈಕುಗಳಲ್ಲಿ ಅದನ್ನು ಮರೆಯುವವರು ಬಹಳ. ಚೈನಿನ ಎಳೆತ ನೇರವಾಗಿ ಬೀಳುವುದು ಅದರ ಮೇಲೆ, ಚೈನನ್ನು ಅತಿಯಾಗಿ ಬಿಗಿದರೆ ಮೊದಲು ಸಾಯುವುದೂ ಅದೇ.

ಕೊನೆಗೆ, ಗೂಡೇ ಸಡಿಲವಾಗಿದ್ದರೆ ಏನು ಮಾಡಬೇಕು ಎಂಬುದು. ನನ್ನ ಹಳೆಯ ಬೈಕಿನ ಮುಂದಿನ ಹಬ್‌ನಲ್ಲಿ ಕೆಟ್ಟ ಬೇರಿಂಗಿನ ಹೊರ ಬಳೆಯೇ ಗೂಡಿನೊಳಗೆ ತಿರುಗುತ್ತ ಅದನ್ನು ಸವೆಸಿತ್ತು. ಹೊಸ ಬೇರಿಂಗ್ ಬರಿಗೈಯಲ್ಲೇ ಒಳಗಿಳಿಯಿತು. ಗೂಡಿನ ಗೋಡೆಗೆ ಸೆಂಟರ್ ಪಂಚಿನಿಂದ ಚುಕ್ಕೆ ಹೊಡೆದು ಒರಟು ಮಾಡುವ ಹಳೆಯ ಉಪಾಯವನ್ನು ಮೊದಲು ಮಾಡಿದೆ. ಬೇರಿಂಗ್ ಬಿಗಿಯಾಗಿ ಕೂತಿತು, ಆದರೆ ಅದನ್ನು ಹಿಡಿದದ್ದು ಚುಕ್ಕೆಗಳ ತುದಿಗಳು ಮಾತ್ರ; ಮೆತ್ತನೆಯ ಅಲ್ಯೂಮಿನಿಯಂನ ಆ ತುದಿಗಳು ಬೇಗನೆ ಚಪ್ಪಟೆಯಾಗಿ ಬಳೆ ಮತ್ತೆ ತಿರುಗತೊಡಗಿತು. ಎರಡನೆಯ ಸಲ ಗೂಡನ್ನು ಎಣ್ಣೆಯ ಪಸೆ ಹೋಗುವಂತೆ ತೊಳೆದು, ಲೋಹದ ನಡುವೆ ಗಾಳಿ ಸಿಗದಿದ್ದಾಗ ಗಟ್ಟಿಯಾಗುವ ಬಗೆಯ ಅಂಟಾದ ಲಾಕ್‌ಟೈಟ್ 638 ಹಚ್ಚಿ, ಸೀಲಿನ ಕಡೆಗೆ ಒಂದು ಹನಿಯೂ ಹರಿಯದಂತೆ ನೋಡಿಕೊಂಡು ಕೂರಿಸಿ, ಒಂದು ದಿನ ಮುಟ್ಟದೆ ಬಿಟ್ಟೆ. ಬಳೆ ಅಂದಿನಿಂದ ತಿರುಗಿಲ್ಲ. ಸವೆತ ಇನ್ನೂ ಹೆಚ್ಚಿದ್ದರೆ ಗೂಡನ್ನು ಲೇತಿನಲ್ಲಿ ಕೊರೆಸಿ ಉಕ್ಕಿನ ಬಳೆ ಹಾಕಿಸಬೇಕು, ಇಲ್ಲವೇ ಹಬ್‌ ಬದಲಿಸಬೇಕು. ಆ ಎರಡನ್ನು ಹೋಲಿಸುವ ಸಂದರ್ಭ ನನಗಿನ್ನೂ ಬಂದಿಲ್ಲ.