ಮಿನಾಕ್ಸಿಡಿಲ್ ಶೇ 5 ದ್ರಾವಣ: ಯಾರಿಗೆ ಉಪಯೋಗ, ಎಲ್ಲಿ ತಪ್ಪುತ್ತದೆ

ನೆತ್ತಿಯ ಕೂದಲು ತೆಳ್ಳಗಾಗುತ್ತಿರುವ ಗಂಡಸರು ಮಿನಾಕ್ಸಿಡಿಲ್ ಎಂಬ, ಕೂದಲು ಬೆಳೆಯಲು ತಲೆಗೆ ಹಚ್ಚುವ ಈ ಔಷಧಿಗೆ ಧಾರಾಳವಾಗಿ ದುಡ್ಡು ಹಾಕಬಹುದು. ಪೂರ್ತಿ ಬೋಳಾಗಿ ನುಣುಪಾದ ಜಾಗದಲ್ಲಿ ಮಾತ್ರ ಕೂದಲು ಬರುವ ಆಸೆ ಇಟ್ಟುಕೊಳ್ಳಬೇಡಿ.

60 ಮಿ.ಲೀ. ಬಾಟಲಿ ಒಂದು ತಿಂಗಳಿಗೆ ಸಾಕು: ಬೆಳಿಗ್ಗೆ 1 ಮಿ.ಲೀ., ರಾತ್ರಿ 1 ಮಿ.ಲೀ. ಡ್ರಾಪರ್‌ನಲ್ಲಿ ಅಳೆದು, ಕೂದಲು ಸರಿಸಿ, ಒಣಗಿದ ನೆತ್ತಿಯ ಚರ್ಮಕ್ಕೇ ಬಿಡಬೇಕು. ಹಲವರು ಎಣ್ಣೆ ಹಚ್ಚಿದಂತೆ ಕೂದಲಿಗೆ ಸವರುತ್ತಾರೆ. ಔಷಧಿ ಬುಡ ತಲುಪುವುದೇ ಇಲ್ಲ. ಹಚ್ಚಿದ ಮೇಲೆ 4 ಗಂಟೆ ತಲೆಗೆ ನೀರು ಬೇಡ, ಕೈ ಚೆನ್ನಾಗಿ ತೊಳೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ದಿಂಬಿನ ಹತ್ತಿರವೂ ಸೇರಿಸಬೇಡಿ, ತಗುಲಿದ ಔಷಧಿ ನೆಕ್ಕಿದರೆ ಅದರ ಪ್ರಾಣಕ್ಕೇ ಅಪಾಯ.

ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು. ಬೆಳವಣಿಗೆ ನಿಂತ ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುವ ಹಂತವದು. ಹೆದರಿ ಅಲ್ಲೇ ನಿಲ್ಲಿಸಿದರೆ ಹಾಕಿದ ದುಡ್ಡೆಲ್ಲ ವ್ಯರ್ಥ. ಫಲ ಕಾಣಲು 4ರಿಂದ 6 ತಿಂಗಳು ಬೇಕು. ಬಿಟ್ಟರೆ ಬಂದದ್ದೂ ಕೆಲವೇ ತಿಂಗಳಲ್ಲಿ ಹೋಗುತ್ತದೆ.

ತುರಿಕೆ, ಹೊಟ್ಟಿನಂಥ ಸಿಪ್ಪೆ ಬಂದರೆ ಕಾರಣ ಹೆಚ್ಚಾಗಿ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕ. ಅದಿಲ್ಲದ ಫೋಮ್‌ಗೆ, ಅಂದರೆ ನೊರೆ ರೂಪದ ಮಿನಾಕ್ಸಿಡಿಲ್‌ಗೆ ಬದಲಾಯಿಸಿ. ಎದೆಬಡಿತ ಏರಿದರೆ, ಕಾಲು ಊದಿದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ.

ಕೂದಲಿನ ಬುಡ ಕುಗ್ಗಿಸುವ ಡಿಎಚ್‌ಟಿ ಹಾರ್ಮೋನನ್ನು ಮಿನಾಕ್ಸಿಡಿಲ್ ತಡೆಯದು. ಆ ಕೆಲಸ ಫಿನಾಸ್ಟರೈಡ್ 1 ಮಿ.ಗ್ರಾಂ. ಮಾತ್ರೆಯದು, ಅದನ್ನು ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ: ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಮನಸ್ಸೂ ಕುಸಿಯಬಹುದು.